ಕರಿಕಲ್ಲಿನ ಗೋಡೆ

ಆನೇಮಹಲ್ ಹತ್ತಿರ ರಸ್ತೆಗೆಂದು ಗುಡ್ಡ ಕಡಿದ ಜಾಗದಲ್ಲಿ ಮೊನ್ನೆ ಬಸ್ಸಿಗೆ ಕಾಯುತ್ತಿದ್ದೆ. ಕಲ್ಲು ಪರೀಕ್ಷಿಸಲು ಬಂದಿದ್ದ ಕಾಲೇಜಿನ ಹುಡುಗಿಯೊಬ್ಬಳು ಸುತ್ತಿಗೆಯಿಂದ ಕರಿಕಲ್ಲಿಗೆ ಬಡಿದಳು. ಸುಟ್ಟ ವಾಸನೆ ಮೂಗಿಗೆ ಬಂತು. ನಿಮಗೆ ಹೇಗೆ ಹೇಳಲಿ, ಪಟಾಕಿ ಹಚ್ಚಿದ ಮಾರನೇ ಬೆಳಗ್ಗೆ ಅಂಗಳದಲ್ಲಿರುತ್ತದಲ್ಲ, ಹೆಚ್ಚುಕಡಿಮೆ ಹಾಗೆ.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬಾವಿ ತೋಡಲು ಇಳಿದವನು. ಆದರೆ ಬಡಿದ ಸದ್ದಿನಲ್ಲೇ ಯಾವ ಕಲ್ಲೆಂದು ಹೇಳಬಲ್ಲೆ. ಬೂದುಗಲ್ಲಿಗೆ ಎಳೆ ಇರುತ್ತದೆ; ಎಳೆ ನೋಡಿ ಉಳಿ ಇಟ್ಟರೆ ಹಲಗೆಯಂತೆ ಸೀಳುತ್ತದೆ. ಬಳಪದ ಕಲ್ಲು ಉಗುರಿಗೇ ಗೀರು ಬೀಳುವಷ್ಟು ಮೆದು. ಶಾಲೆಯಲ್ಲಿ ಸವೆಸಿದ್ದಕ್ಕಿಂತ ಹೆಚ್ಚು ಬಳಪವನ್ನು ಆಮೇಲೆ ಅಗೆದಿದ್ದೇನೆ. ಕರಿಕಲ್ಲು ಮಾತ್ರ ಗಂಟೆಯಂತೆ ಕಣಕಣ ಎನ್ನುತ್ತದೆ, ಎಳೆಯೇ ಇಲ್ಲ.

ಪಾಳ್ಯದ ಫೆಲಿಕ್ಸಣ್ಣನ ತೋಟದಲ್ಲಿ ಬಾವಿ ತೋಡಿದ ವರ್ಷ ಹೂಮಳೆ ಬರಲಿಲ್ಲ. ಕಾಫಿ ಮೊಗ್ಗಿಗೆ ನೀರು ಹಾಯಿಸದಿದ್ದರೆ ಫಸಲಿಲ್ಲ. ಬಾವಿಯಲ್ಲಿ ಸೊಂಟದವರೆಗೆ ನೀರು ಬಂದಿತ್ತು. ಇಳಿಜಾರಿನ ಕಡೆ ಮೊಳ ದಪ್ಪದ ಕರಿಕಲ್ಲು ಗೋಡೆಯಂತೆ ಅಡ್ಡ ನಿಂತಿತ್ತು.

"ಇಷ್ಟೇ ಸಾಕು ಬುಡೋ ಮಾರಾಯ," ಎಂದರು ಫೆಲಿಕ್ಸಣ್ಣ.

"ನೀವು ಕಾಫಿ ನೋಡ್ಕಳಿ ಅಣ್ಣ, ಕಲ್ಲು ನಂಗೆ ಬುಡಿ. ಇದರ ಹಿಂದೆ ಹೊಳೆನೇ ಐತೆ!"

ಪಂಪಿಟ್ಟು ನೀರು ಎತ್ತಿಸಿ ಆರು ದಿನ ಬಡಿದೆ. ಏಳನೇ ದಿನ ತೂತು ಬಿತ್ತು. ಆಚೆ ಹೊಳೆಯಿರಲಿಲ್ಲ, ಪುಡಿಪುಡಿಯಾದ ಒಣಕಲ್ಲಿತ್ತು. ಬಾವಿಗೆ ಊರಿದ ನೀರೆಲ್ಲ ಆ ತೂತಿನಲ್ಲೇ ಇಳಿದುಹೋಯಿತು. ಮಾರನೇ ಬೆಳಗ್ಗೆ ತಳ ಕಾಣುತ್ತಿತ್ತು.

ಫೆಲಿಕ್ಸಣ್ಣನ ತಾಯಿ ಮೇಲಿಂದ ಬಗ್ಗಿ ನೋಡಿದರು. "ಅಲ್ಲ ಕಣೋ, ಕೆರೆ ಏರಿ ಒಡ್ದು ನೀರು ಹುಡುಕ್ತಾರೇನೋ?"

ಸಿಮೆಂಟು, ಜೇಡಿಮಣ್ಣು ಮೆತ್ತಿ ತೂತು ಮುಚ್ಚಿದೆ. ನೀರು ಮತ್ತೆ ಸೊಂಟಕ್ಕೆ ಬರಲು ಎಂಟು ದಿನ ಹಿಡಿಯಿತು. ಅಷ್ಟರಲ್ಲಿ ಅರ್ಧ ತೋಟದ ಮೊಗ್ಗು ಒಣಗಿತ್ತು. ಫೆಲಿಕ್ಸಣ್ಣ ಇದನ್ನು ಯಾರ ಮುಂದೆಯೂ ಆಡಲಿಲ್ಲ. ಮಗ್ಗೆ ಊರಿನವರು ಬಾವಿಗೆ ಆಳು ಕೇಳಿದಾಗ ನನ್ನ ಹೆಸರನ್ನೇ ಹೇಳಿದರಂತೆ. ನಾನು ಮಾತ್ರ "ಆ ವರ್ಷ ಬಿಸಿಲಿಗೆ ಒರತೆ ಬತ್ತಿತ್ತು" ಎಂದೇ ಹೇಳಿಕೊಂಡು ತಿರುಗಿದೆ.

"ಇದು ಭೂಮಿ ಒಳಗೆ ಕರಗಿದ್ದ ಕಲ್ಲು ಅಣ್ಣ," ಎಂದಳು ಮೊನ್ನೆ ಆ ಸುತ್ತಿಗೆಯ ಹುಡುಗಿ, ನಾನು ನೋಡುವುದನ್ನು ಕಂಡು. "ಬೂದುಗಲ್ಲು ಬಿರುಕು ಬಿಟ್ಟಾಗ ಅದರೊಳಗೆ ನುಗ್ಗಿ ಗಟ್ಟಿಯಾಗಿದೆ. ಇಳಿದು ಬರೋ ನೀರನ್ನ ತಡೀತದೆ."

"ಗೊತ್ತು ಕಣವ್ವ. ಗೋಡೆಯಿಂದ ಮೇಲ್ಗಡೆನೇ ಬಾವಿ ತೋಡ್ಬೇಕು, ಗೋಡೆ ಮುಟ್ಬಾರ್ದು."

"ಯಾರು ಹೇಳಿಕೊಟ್ರು?"

ಬಿಸಿಲಿನ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. "ಪಾಳ್ಯದಲ್ಲಿ ಒಂದ್ಸಲ ಒಡ್ದು ಹಾಳ್ಮಾಡ್ಬುಟ್ಟಿದ್ದೆ. ಅರ್ಧ ತೋಟ ಹೋಯ್ತು."

ಅವಳು ನಗಲಿಲ್ಲ. ನೋಟ್‌ಬುಕ್ ತೆಗೆದು, "ಬರ್ಕೊಳ್ಳಲಾ? ಯಾರು ಹೇಳಿದ್ದು ಅಂತ ಹಾಕ್ಲಿ?" ಎಂದಳು.

ಬಸ್ಸು ಬಂದು ನಿಂತಿತ್ತು. ಹತ್ತುವ ಮೊದಲು ಹೆಸರು ಹೇಳಿದೆ, ಇನಿಷಿಯಲ್ ಸಮೇತ.