ಜಗಲಿಯ ಜೇಡರಬಲೆ

ಬೆಳಕು ಹರಿಯುವ ಮೊದಲೇ ಲೊರ್ನಾ ಕಾಫಿ ಕಾಸಬೇಕು, ಗಂಡ ವೇಡ್ ಮೀನು ಹಿಡಿಸಲು ಕರೆದೊಯ್ಯುವ ಗಿರಾಕಿಗಳಿಗೆ ಬುತ್ತಿ ಕಟ್ಟಬೇಕು, ಪೆಟ್ಟಿಗೆಗೆ ಐಸ್ ತುಂಬಬೇಕು. ಆಮೇಲೆ ಜಗಲಿಯ ದೀಪದ ಹತ್ತಿರದ ಜೇಡರಬಲೆ ನೋಡಬೇಕು. ರಾತ್ರಿ ಹೊಳೆಯಿಂದ ಯಾವ ಹುಳ ಎದ್ದಿದೆಯೋ ಅದು ಅಲ್ಲಿ ಸಿಕ್ಕಿರುತ್ತದೆ. ಟ್ರೌಟ್ ಮೀನು ಆವತ್ತು ಹುಡುಕುವುದೂ ಅದನ್ನೇ. ಗರಿ, ನೂಲು ಸುತ್ತಿ ಗಾಳಕ್ಕೆ ಅಂಥದೇ ನಕಲಿ ಹುಳ ಕಟ್ಟುವವಳೂ ಅವಳೇ.

"ನನ್ನ ಸೊಸೆ ಪೊರಕೆ ಮುಟ್ಟಲ್ಲ ಅಂತ ಮೊಂಟಾನಾಕ್ಕೆಲ್ಲ ಗೊತ್ತಾಯ್ತು," ಎನ್ನುತ್ತಾಳೆ ಅತ್ತೆ ಹೇಝಲ್.

"ಬಲೆ ಗುಡಿಸಿದ್ರೆ ನಿಮ್ಮ ಮಗ ಬರಿಗೈಲಿ ಬರ್ತಾನೆ, ಅತ್ತೆ."

ಮೊದಲು ಸಂಜೆಯ ಹೊಳೆ ಲೊರ್ನಾಳದಾಗಿತ್ತು; ಕೆಲಸ ಮುಗಿಸಿ ತಾನೂ ಗಾಳ ಹಾಕುತ್ತಿದ್ದಳು. ಈ ಬೇಸಿಗೆ ನೀರು ಕಾದು ಮೀನು ಬಳಲುತ್ತವೆಂದು ಮಧ್ಯಾಹ್ನ ಎರಡರ ಮೇಲೆ ಯಾರೂ ಗಾಳ ಹಾಕುವಂತಿಲ್ಲ ಎಂದು ಸರ್ಕಾರದ ನಿಯಮ. ಉಳಿದದ್ದು ಬೆಳಗು. ಬೆಳಗೆಂದರೆ ಅವಳಿಗೆ ಅಡುಗೆಮನೆ.

ಇವತ್ತು ಬಲೆ ತುಂಬ ಕಪ್ಪು ಮೈಯ, ಬಿಳಿ ರೆಕ್ಕೆಯ ಸಣ್ಣ ಹುಳಗಳಿದ್ದವು. ಲೊರ್ನಾ ಅಂಥವನ್ನೇ ಕಟ್ಟಿ, ಕೆಲವನ್ನು ಹೊಳೆಯಲ್ಲಿ ಕೈಗೆ ಸಿಗಲೆಂದು ವೇಡ್‌ನ ಟೋಪಿಗೆ ಚುಚ್ಚಿದಳು, ಒಂದನ್ನು ತನ್ನ ಟೋಪಿಗೆ. ಬ್ರೆಡ್ಡು, ಮಾಂಸ, ಚಾಕು ಮೇಜಿನ ಮೇಲಿಟ್ಟಳು, ಬುತ್ತಿ ಕಟ್ಟಲಿಲ್ಲ. ಮಲಗಿದವರನ್ನು ಎಬ್ಬಿಸದೆ ತನ್ನ ಗಾಳದ ಕೋಲು ತೆಗೆದುಕೊಂಡು ಹೊಳೆಗೆ ಇಳಿದಳು.