ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ನಿಂಬೆಹಣ್ಣು

ಮನೆಯಲ್ಲಿ ಯಾರಾದರೂ ತೆಂಗಿನಕಾಯಿ ಎತ್ತಿದರೆ ನಾನು ಮೊದಲು ಫೋನನ್ನು ಎತ್ತಿಕೊಂಡು ಒಳಕೋಣೆಗೆ ಹೋಗುತ್ತೇನೆ. ಚಟ್ನಿಗೆಂದು ಒಡೆದರೂ ಅಷ್ಟೇ. ನನ್ನ ಗಂಡ ಇದನ್ನು ಬಂದ ನೆಂಟರಿಗೆಲ್ಲ ನಟಿಸಿ ತೋರಿಸುತ್ತಾನೆ. ನಗಲಿ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಅಂದು ಆ ಕಾಯಿ ಮೇಲೆದ್ದದ್ದನ್ನು ಅವನು ಕಂಡಿಲ್ಲ.

ರೆಹಾನಾ ಮಸ್ಕಿಯ ಶಾಲೆಯಲ್ಲಿ ನನ್ನ ಶಿಷ್ಯೆಯಾಗಿದ್ದವಳು. ಹುಟ್ಟಿನಿಂದ ಕಣ್ಣು ಕಾಣದು. ನಾಲಿಗೆಗೆ ಅಂಥ ಯಾವ ಕೊರತೆಯೂ ಇಲ್ಲ. ಈಗ ಸಿಂಧನೂರಿನಲ್ಲಿ ಬಿ.ಎ. ಕೊನೆಯ ವರ್ಷ. ಇಷ್ಟು ದಿನ ಪರೀಕ್ಷೆಯಲ್ಲಿ ಇವಳು ಹೇಳುವುದು, ಪಕ್ಕದಲ್ಲಿ ಕೂತವರು ಬರೆಯುವುದು. “ನಾ ಹೇಳೂದು ಒಂದು, ಅವ್ರು ಬರಿಯೂದು ಒಂದು. ಪಾಸಾದ್ರ ಯಾರು ಪಾಸಾದಂಗ್ರಿ ಟೀಚರ್?” ಎನ್ನುತ್ತಿದ್ದಳು. ಈ ಸಲ ತನ್ನದೇ ಕಂಪ್ಯೂಟರ್ ತಂದರೆ ತಾನೇ ಬರೆಯಬಹುದೆಂದು ಕಾಲೇಜು ಒಪ್ಪಿತ್ತು. ಕೊಡಿಸಲು ಗಿರಣಿಯ ಸಾಹುಕಾರರು ಒಪ್ಪಿದ್ದರು. ತೊಡಕೆಂದರೆ, ಯಾವುದನ್ನು ಕೊಡಿಸಬೇಕೆಂದೂ ಅವರೇ ನಿಶ್ಚಯಿಸಿದ್ದರು: ಬಾಗಿಲಿನಷ್ಟು ಗಾಜು, ಗುಂಡಿಗಳಿಲ್ಲ, ಮುಟ್ಟಿದರೆ ನಡೆಯುವಂಥದ್ದು.

“ಪಾಪ, ಕಣ್ಣು ಕಾಣಂಗಿಲ್ಲ. ದೊಡ್ಡದಾ ಇರ್ಲಿ,” ಎಂದರು.

ವಕಾಲತ್ತಿಗೆ ನಾನು ಅವಳ ಜೊತೆ ಹೋದೆ. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ, ಬೆರಳಿಗೆ ದಾರಿ ತೋರಿಸಲು ಎಫ್ ಮತ್ತು ಜೆ ಗುಂಡಿಗಳ ಮೇಲಿರುವ ಉಬ್ಬು, ಎಲ್ಲವನ್ನೂ ವಿವರಿಸಿದೆ. ಶಿಕ್ಷಕಿಯಾದ್ದರಿಂದ ಪಾಠ ಶುರುಮಾಡುವುದು ಗೊತ್ತು. ನಿಲ್ಲಿಸುವುದಕ್ಕೆ ಗಂಟೆ ಹೊಡೆಯಬೇಕು. ಸಾಹುಕಾರರು ಗೌರವದಿಂದ ಕೇಳಿಸಿಕೊಂಡು, “ಖರೇ ಐತ್ರಿ. ಮತ್ತ ಗಾಜು ಇದಕ್ಕಿಂತ ದೊಡ್ಡದು ಸಿಗತೈತೇನು?” ಎಂದರು.

ಆಗ ರೆಹಾನಾ ಬಾಯಿಬಿಟ್ಟಳು. “ಕಾಕಾ, ಭತ್ತ ಬಂದ್ರ ನೀವು ಹೆಂಗ ನೋಡ್ತೀರಿ?”

“ಅಂಗೈಯಾಗ ತಿಕ್ಕಿ, ಹಲ್ಲಾಗ ಕಡದು.”

“ಗಾಜಿನ ಪೆಟಿಗ್ಯಾಗ ಇಟ್ಟೀವಿ, ಹೊರಗಿಂದ ನೋಡಿ ರೇಟ್ ಹೇಳ್ರಿ ಅಂದ್ರ?”

ಸಾಹುಕಾರರು ಒಂದು ಗಳಿಗೆ ತಮ್ಮ ಅಂಗೈ ನೋಡಿಕೊಂಡರು. “ಗುಂಡಿ ಇದ್ದದ್ದು ಲಿಂಗಸುಗೂರಾಗ ಸಿಗತೈತೇನು?” ಎಂದರು.

ಲಿಂಗಸುಗೂರಿನ ಅಂಗಡಿಯಾತ ಒಂದೊಂದರ ಬಣ್ಣವನ್ನೂ ವರ್ಣಿಸಿದ. ಇವಳು ಒಂದೊಂದರ ಗುಂಡಿಯನ್ನೂ ಒತ್ತಿ, ಮೂಲೆಯಲ್ಲಿ ಬಿದ್ದಿದ್ದ ದಪ್ಪನೆಯದನ್ನು ಆರಿಸಿದಳು. “ಅದು ನೋಡಾಕ ಚಂದಿಲ್ರಿ,” ಎಂದ. “ಆ ಚಿಂತಿ ನನಗಿಲ್ಲ ಬಿಡ್ರಿ,” ಎಂದಳು.

ನೇರ ಮನೆಗೆ ಹೋಗಬಹುದಿತ್ತು. ಆದರೆ ನಮ್ಮ ಕಡೆ ಪೂಜೆಯಾಗದೆ ಯಾವ ಯಂತ್ರವೂ ಶುರುವಾಗುವುದಿಲ್ಲ. ಟ್ರ್ಯಾಕ್ಟರ್ ಬಂದರೆ ಗಾಲಿಯ ಕೆಳಗೆ ನಿಂಬೆಹಣ್ಣು, ಕೊನೆಗೆ ಕಾಯಿ ಒಡೆದು ಬಾನೆಟ್ಟಿನ ಮೇಲೆ ನೀರು. ಹಾಗಾಗಿ ಗಿರಣಿಗೆ ಬಂದೆವು. ಲ್ಯಾಪ್‌ಟಾಪಿಗೆ ಗಾಲಿಗಳಿಲ್ಲವಲ್ಲ ಎಂದೆ. “ಮೂಲಿ ಅದಾವಲ್ರಿ,” ಎಂದು ಸಾಹುಕಾರರು ನಾಲ್ಕು ಮೂಲೆಗೂ ನಾಲ್ಕು ನಿಂಬೆಹಣ್ಣು ಇಟ್ಟರು. ಹಾರ ಬಿತ್ತು. ಓದುವ ತಂತ್ರಾಂಶವನ್ನು ಅಂಗಡಿಯಲ್ಲೇ ಹಾಕಿಸಿ ತಂದಿದ್ದರಿಂದ, ಕುಂಕುಮದ ಬೆರಳು ತಗುಲಿದಲ್ಲೆಲ್ಲ ಲ್ಯಾಪ್‌ಟಾಪು ‘ಕೆ’, ‘ಎಲ್’, ‘ಸ್ಪೇಸ್’ ಎಂದು ಕೂಗಿತು. ಯಂತ್ರ ಮಂತ್ರಕ್ಕೆ ಓಗೊಡುತ್ತಿದೆಯೆಂದು ಸಾಹುಕಾರರು ಹಿಗ್ಗಿದರು. ರೆಹಾನಾ ದುಪಟ್ಟಾದಲ್ಲಿ ನಗು ಮುಚ್ಚಿಕೊಂಡಳು.

ಆಗ ಕಾಯಿ ಮೇಲೆದ್ದಿತು. ತೂಕದ ಕಲ್ಲಿಗೆ ಬಡಿದು, ಎರಡು ಹೋಳುಗಳನ್ನೂ ತುಂಬಿದ ನೀರಿನೊಂದಿಗೆ ಸಾಹುಕಾರರು ಭಕ್ತಿಯಿಂದ ಗುಂಡಿಗಳ ಕಡೆಗೆ ತಿರುಗಿದರು. ಸೋಮವಾರ ಪರೀಕ್ಷೆ. ಇನ್ನೊಂದು ಲ್ಯಾಪ್‌ಟಾಪು ಇಲ್ಲ. ನಾನು ಕೈ ಚಾಚುವಷ್ಟರಲ್ಲಿ ಹೋಳುಗಳು ಬಾಗಿದ್ದವು. ಇಂದಿಗೂ ಅವು ನನ್ನ ಕಣ್ಣ ಮುಂದೆ ನಿಧಾನವಾಗಿ ಬಾಗುತ್ತಲೇ ಇವೆ.

ಕಾಯಿ ಒಡೆದ ಸದ್ದಿಗೇ ರೆಹಾನಾ ಲ್ಯಾಪ್‌ಟಾಪಿನ ಮೇಲೆ ಬೋರಲಾಗಿ ಬಿದ್ದಿದ್ದಳು. ನೀರೆಲ್ಲ ಅವಳ ತಲೆಗೆ ಅಭಿಷೇಕವಾಯಿತು.

“ಅಯ್ಯ ಬೇಟಿ, ನೀರು ಮಷಿನ್ ಮ್ಯಾಲೆ ಬೀಳಬೇಕಿತ್ತಲ್ಲ. ಹೆಂಗ ಓಡತೈತಿ ಇನ್ನ?”

“ಓಡಾಕಿ ನಾನಲ್ಲೇನ್ರಿ ಕಾಕಾ? ಬೀಳೋ ಜಾಗಕ್ಕs ಬಿದ್ದೈತಿ,” ಎಂದಳು, ಹುಬ್ಬಿನಿಂದ ನೀರು ಒರೆಸಿಕೊಳ್ಳುತ್ತ.

ಓಡಿದಳು. ತಾನೇ ಬರೆದು ಪಾಸಾದಳು. ಅಂದಿನಿಂದ ಸಾಹುಕಾರರಿಗೆ ಹೊಸ ಶಾಸ್ತ್ರವೊಂದು ದೊರೆತಿದೆ: ಕಾಯಿನೀರನ್ನು ಯಂತ್ರಕ್ಕಿಂತ ವಿದ್ಯಾರ್ಥಿಯ ಮೇಲೆ ಸುರಿಯುವುದೇ ಮೇಲು. ಗುರುತಿನವರ ಮನೆಯಲ್ಲಿ ಪರೀಕ್ಷೆಯಿದ್ದರೆ ಕಾಯಿ ಹಿಡಿದು ಹೋಗುತ್ತಾರಂತೆ. ಮುಂದಿನ ತಿಂಗಳು ನನಗೂ ಇಲಾಖೆಯ ಪರೀಕ್ಷೆಯಿದೆ. ಫೋನನ್ನು ಮನೆಯಲ್ಲೇ ಇಟ್ಟು, ಗಿರಣಿಗೆ ಹೋಗಿ ತಲೆ ಬಗ್ಗಿಸಿ ಬರಲೇ ಎಂದು ಯೋಚಿಸುತ್ತಿದ್ದೇನೆ.