ಬೋವಾಕಿಗೆ ಹೆಣ್ಣು ಕೇಳಲು ಹೋದದ್ದು

ಫೆಬ್ರವರಿಯ ಒಂದು ಬೆಳಗ್ಗೆ ಡಬ್ಲಿನ್ನಿನ ಅಂಚಿನ ಟಾಲಾದ ನಮ್ಮ ಮನೆಯಿಂದ ಟ್ಯಾಕ್ಸಿ ಹತ್ತಿದಾಗ ಹೊರಗೆ ಮೂರು ಡಿಗ್ರಿ ಚಳಿ, ಒಳಗೆ ನಮ್ಮ ಯಜಮಾನರ ಗೊಣಗಾಟ. "ಹುಡುಗನ ಕಡೆಯವರು ಕಣೇ ನಾವು! ಅವರು ಬಂದು ಮಾತಾಡ್ಬೇಕಿತ್ತು. ನಾವೇ ಬೇಳೆ ಬೆಲ್ಲ ಹೊತ್ಕೊಂಡು ಅರ್ಧ ಭೂಮಿ ಸುತ್ತಿ ಹೋಗ್ತಿದೀವಲ್ಲ!" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತೆಂಟು ವರ್ಷಗಳಿಂದ ಐರ್ಲೆಂಡಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ಕೊಡುವ ಡಾಕ್ಟರು ನಾನು. ಗೊಣಗುವವರು ತಾವಾಗಿಯೇ ಸುಮ್ಮನಾಗುವವರೆಗೆ ಕಾಯುವುದು ನನಗೆ ಅಭ್ಯಾಸವಾಗಿ ಹೋಗಿದೆ.

ವಿಷಯ ಇಷ್ಟೆ. ನಮ್ಮ ಒಬ್ಬನೇ ಮಗ ಅಭಿ, ಡಬ್ಲಿನ್ನಿನಲ್ಲೇ ಹುಟ್ಟಿ ಬೆಳೆದವನು, ಲೀಯಾ ಎಂಬ ಹುಡುಗಿಯನ್ನು ಮೆಚ್ಚಿದ್ದಾನೆ. ಫಿಲಿಪೀನ್ಸಿನವಳು, ನರ್ಸು, ಡಬ್ಲಿನ್ನಿನದೇ ಸ್ಯಾಂಟ್ರಿಯಲ್ಲಿ ಬಾಡಿಗೆ ಮನೆ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದ್ದು ಎಂಬತ್ತೆರಡು ವರ್ಷದ ಅಜ್ಜಿ. ಅಭಿ ವಿಡಿಯೋ ಕಾಲ್ ಮಾಡಿ ಮದುವೆಯ ಮಾತೆತ್ತಿದಾಗ ಆ ಅಜ್ಜಿ, "ಇದು ಫೋನಿನಲ್ಲಿ ಕೇಳೋ ಮಾತಲ್ಲ. ನಿಮ್ಮ ಅಪ್ಪ ಅಮ್ಮ ನಮ್ಮನೆಗೆ ಬಂದು ಕೇಳಲಿ, ಆಮೇಲೆ ನೋಡೋಣ" ಎಂದು ಕಾಲ್ ಕಟ್ ಮಾಡಿದರಂತೆ. ಹುಡುಗನ ಮನೆಯವರೇ ಅಡುಗೆ ಒಯ್ದು ಹೆಣ್ಣು ಕೇಳುವುದು ಅಲ್ಲಿನ ಪದ್ಧತಿ. ಲೀಯಾ ನನ್ನೆದುರು ನೇರವಾಗಿಯೇ ಹೇಳಿದ್ದಳು: "ಆಂಟಿ, ಲೋಲಾ ಬೇಡ ಅಂದ್ರೆ ಬೇಡವೇ. ಅವರ ಮಾತು ಮೀರಿ ನಾನು ಮದುವೆ ಆಗಲ್ಲ." ಲೋಲಾ ಎಂದರೆ ಅವರಲ್ಲಿ ಅಜ್ಜಿ. ಅಭಿಯನ್ನು ಕೇಳಿದರೆ, "ಇಟ್'ಲ್ ಬಿ ಗ್ರ್ಯಾಂಡ್, ಅಮ್ಮಾ" ಎಂದ, ಎಲ್ಲ ಸರಿಹೋಗುತ್ತೆ ಎನ್ನುವ ಐರಿಷ್ ಮಾತು. ಅವನಿಗೆ ಮನೆಯ ಸೂರು ಹಾರಿಹೋದರೂ ಗ್ರ್ಯಾಂಡೇ.

ಗಲ್ಫಿನಲ್ಲಿ ಒಮ್ಮೆ ವಿಮಾನ ಬದಲಿಸಿ ಮನಿಲಾದಲ್ಲಿ ಇಳಿಯುವಾಗ ಯಾವ ದಿನ, ಯಾವ ಹೊತ್ತು ಎಂಬುದೇ ಮರೆತುಹೋಗಿತ್ತು. ನಾವಿಬ್ಬರು, ಅಭಿ, ಲೀಯಾ ನಾಲ್ವರೂ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದೆವು. ಲುಸೇನಾ ಎಂಬ ಊರಿನ ಬಂದರಿಗೆ ನಾಲ್ಕು ಗಂಟೆ, ಅಲ್ಲಿಂದ ದೊಡ್ಡ ದೋಣಿಯಲ್ಲಿ ಮೂರು ಗಂಟೆ. ದೋಣಿಗೆ ತಲೆಗೆ ಸುಮಾರು ನಾನೂರು ಪೆಸೊ. ಹೊಟ್ಟೆಯಲ್ಲಿ ಲಾರಿ, ಬಸ್ಸು, ಕೋಳಿಪಂಜರ ಎಲ್ಲವನ್ನೂ ತುಂಬಿಕೊಂಡು ಅದು ಹೊರಟಾಗ ನನಗಂತೂ ಕುಣಿಯುವಷ್ಟು ಖುಷಿ. ಯಜಮಾನರು ಮೂಲೆಯಲ್ಲಿ ಒಂದು ಚೀಟಿ ಹಿಡಿದು ಬಾಯಿಪಾಠ ಮಾಡುತ್ತಿದ್ದರು. ಹೆಣ್ಣು ಕೇಳುವ ವಾಕ್ಯವನ್ನು ಲೀಯಾಳಿಂದ ಅವರ ಭಾಷೆಯಲ್ಲೇ ಹೇಳಿಸಿಕೊಂಡು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದರು. ಗೊಣಗಿದರೂ ಮನುಷ್ಯ ತಯಾರಿ ಮಾತ್ರ ಬಿಡುವವರಲ್ಲ!

ಅಲ್ಲೇ ದೋಣಿಯಲ್ಲಿ ಲೀಯಾ ನನಗೊಂದು ಎಚ್ಚರಿಕೆ ಕೊಟ್ಟಳು. ಅವರ ದ್ವೀಪದಲ್ಲಿ ಗೌರವದ ಅತಿಥಿಗೆ ಪುಟೊಂಗ್ ಎಂಬ ಶಾಸ್ತ್ರ ಮಾಡುತ್ತಾರೆ. ಅತಿಥಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೆಂಗಸರು ಹಾಡುತ್ತ ಕುಣಿಯುತ್ತ ಬಂದು, ತಲೆಗೆ ಹೂವಿನ ಕಿರೀಟ ಇಟ್ಟು, ಹೂವು ನಾಣ್ಯ ಎರಚಿ, ನೂರು ಕಾಲ ಬಾಳಲಿ ಎಂದು ಹರಸುತ್ತಾರೆ. ಈ ಹಾಡಿನ ಮೇಳಕ್ಕೆ ಲೋಲಾನೇ ಮುಖ್ಯಸ್ಥೆ. "ಈ ಸಲ ಹುಡುಗನ ತಾಯಿಗೆ ಮಾಡ್ತೀನಿ ಅಂತ ಹೇಳಿದಾರೆ ಆಂಟಿ. ನೀವು ಏನೂ ಮಾಡ್ಬೇಕಾಗಿಲ್ಲ. ಸುಮ್ನೆ ಕೂತಿರಿ. ಕೊನೇಲಿ ಎಲ್ಲರೂ ಮಬುಹಾಯ್, ಅಂದ್ರೆ ಬಾಳಲಿ, ಅಂತ ಕೂಗೋವರೆಗೂ ಏಳಬೇಡಿ, ಅಷ್ಟೆ." ಅಯ್ಯೋ, ಕೂರುವುದೇನು ಮಹಾ ಎಂದುಕೊಂಡೆ.

ಬಲನಾಕನ್ ಬಂದರಿನಲ್ಲಿ ಇಳಿದು, ಜೀಪ್ನಿ ಎಂದು ಕರೆಯುವ ಉದ್ದನೆಯ ಜೀಪಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಅರ್ಧ ಗಂಟೆ ಹೋದರೆ ಲೋಲಾ ಅವರ ಊರು ಬೋವಾಕ್. ಇದು ಮರಿಂದೂಕೆ ಎಂಬ ದ್ವೀಪಪ್ರಾಂತ್ಯದ ರಾಜಧಾನಿ. ರಾಜಧಾನಿ ಎಂದ ಕೂಡಲೇ ನಾನು ಕನಿಷ್ಠ ನಮ್ಮ ತುಮಕೂರಿನಷ್ಟಾದರೂ ಇರಬಹುದು ಎಂದುಕೊಂಡಿದ್ದೆ. ಇದೋ, ಇನ್ನೂ ನಗರ ಅನ್ನಿಸಿಕೊಳ್ಳದ, ಸುತ್ತ ತೆಂಗಿನ ತೋಟ, ಬತ್ತದ ಗದ್ದೆಗಳಿರುವ ಪುಟ್ಟ ಊರು! ಪ್ರಾಂತ್ಯದ ಕಚೇರಿ ಇಲ್ಲೇ, ದೊಡ್ಡ ಆಸ್ಪತ್ರೆ ಇಲ್ಲೇ, ಆದರೆ ಕಚೇರಿಯ ರಸ್ತೆಯ ಅಂಚಿನಲ್ಲೇ ಟಾರ್ಪಾಲಿನ ಮೇಲೆ ಬತ್ತ ಒಣಗುತ್ತಿತ್ತು. ಇದ್ದ ಐದು ದಿನದಲ್ಲಿ ಒಂದೂ ಟ್ರಾಫಿಕ್ ಲೈಟ್ ನನ್ನ ಕಣ್ಣಿಗೆ ಬೀಳಲಿಲ್ಲ.

ಮರುದಿನ ಸುತ್ತಾಟ. ಗುಡ್ಡದ ನೆತ್ತಿಯಲ್ಲಿ ಕೋಟೆಗೋಡೆಯೊಳಗೆ ಹಳೆಯ ಇಗರ್ಜಿ. ಕಡಲಿನಿಂದ ದಾಳಿಕಾರರು ಬಂದಾಗ ಊರಿಗೆ ಊರೇ ಅದರೊಳಗೆ ಸೇರಿಕೊಳ್ಳುತ್ತಿತ್ತಂತೆ. ಕೆಳಗಿನ ಬೀದಿಗಳಲ್ಲಿ ಕಲ್ಲು ಮರದ ಮಹಡಿ ಮನೆಗಳು. ಕಿಟಕಿಗಳಿಗೆ ಗಾಜಿನ ಬದಲು ಸಮುದ್ರದ ಚಿಪ್ಪಿನ ತೆಳು ಬಿಲ್ಲೆಗಳು, ಬಿಸಿಲು ಅವುಗಳಲ್ಲಿ ಸೋಸಿ ಹಾಲಿನ ಬಣ್ಣವಾಗಿ ಒಳಗೆ ಬೀಳುತ್ತದೆ. ಚಿಟ್ಟೆ ಸಾಕಿ ಅದರ ಗೂಡುಗಳನ್ನು ಹೊರದೇಶಗಳಿಗೆ ಕಳಿಸುವವರೂ ಇದ್ದಾರೆ. ಚಿಟ್ಟೆಯ ಕೃಷಿ! ಯಜಮಾನರು ಅರ್ಧ ಗಂಟೆ ಚಿಟ್ಟೆ ಸಾಕುವ ಬಲೆಕೋಣೆಯೊಳಗೆ ಬಾಯಿಬಿಟ್ಟುಕೊಂಡು ನಿಂತುಬಿಟ್ಟರು. ಆರಾರೂಟಿನ ಹಿಟ್ಟಿನ ಬಿಸ್ಕತ್ತು ಊರಿನ ವಿಶೇಷ. ಬಾಯಿಗಿಟ್ಟರೆ ಅಗಿಯುವ ಮೊದಲೇ ಕರಗುತ್ತದೆ. ನಾನು ಆರು ಪೊಟ್ಟಣ ಕೊಂಡೆ, ಹೋಟೆಲಿಗೆ ಬರುವಷ್ಟರಲ್ಲಿ ನಾಲ್ಕು ಉಳಿದಿದ್ದವು.

ಭಾನುವಾರ ಬೆಳಗ್ಗೆ ಲೋಲಾ ಅವರ ಅಡುಗೆಮನೆಗೆ ಹೋದೆ. ಅಜ್ಜಿ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಮನೆ ತುಂಬ ಅಕ್ಕಪಕ್ಕದ ಗೆಳತಿಯರು. ಎಲ್ಲರನ್ನೂ ಗದರುತ್ತ ನಗಿಸುತ್ತ ಓಡಾಡುತ್ತಿದ್ದರು. ನನ್ನನ್ನು ಮಾತ್ರ ಮೇಲಿನಿಂದ ಕೆಳಗೆ ನೋಡಿ ಒಂದು ಬಾಣಲೆ ಕೊಟ್ಟು ಹೋದರು. ನಾನು ಕಾಯಿ ಹೋಳಿಗೆಗೆ ಕೂತೆ. ಬೆಲ್ಲ ಟಾಲಾದಿಂದ ಬಂದದ್ದು, ತೆಂಗಿನಕಾಯಿ ಹಿತ್ತಲಿನದು. ಮೂವತ್ತೆಂಟು ಹೋಳಿಗೆ ಬೇಯಿಸಿದೆ. ಅಜ್ಜಿ ಎರಡು ಸಲ ಬಾಗಿಲಲ್ಲಿ ನಿಂತು ನೋಡಿ ಹೋದರು. "ಒಪ್ಕೋತಾರಾ ಲೀಯಾ?" ಎಂದರೆ ಅವಳು, "ಗೊತ್ತಿಲ್ಲ ಆಂಟಿ. ನನ್ನ ಹತ್ರಾನೂ ಬಾಯಿ ಬಿಟ್ಟಿಲ್ಲ" ಎಂದಳು. ಅಭಿ ಕೂಡ ಬೆಳಗಿನಿಂದ ಒಮ್ಮೆಯೂ ಗ್ರ್ಯಾಂಡ್ ಎಂದಿರಲಿಲ್ಲ.

ಸಂಜೆ ನಾಲ್ಕಕ್ಕೆ ಪುಟೊಂಗ್. ಹಜಾರದ ನಡುವೆ ಬೆತ್ತದ ಕುರ್ಚಿ. ನಾನು ಮೈಸೂರು ರೇಷ್ಮೆ ಉಟ್ಟು ಮಹಾರಾಣಿಯ ಹಾಗೆ ಕೂತೆ. ಒಬ್ಬ ಮುದುಕರು ಗಿಟಾರ್ ಮೀಟಿದರು. ಹೂವಿನ ಲಂಗ ತೊಟ್ಟ ಹನ್ನೆರಡು ಹೆಂಗಸರು ಹಾಡುತ್ತ, ಹಿಂದೆ ಮುಂದೆ ಹೆಜ್ಜೆ ಹಾಕುತ್ತ ನನ್ನ ಕಡೆಗೆ ಬರತೊಡಗಿದರು. ಎಲ್ಲರ ಮುಂದೆ ಎರಡೂ ಕೈಯಲ್ಲಿ ಕಿರೀಟ ಹಿಡಿದು ಅಜ್ಜಿ. ಎಂಥ ಕಂಠ ಆ ವಯಸ್ಸಿಗೆ! ನನ್ನ ಮೈ ಜುಮ್ಮೆಂದಿತು.

ಆಗ ಅವರ ಬಲಗಾಲು ನನ್ನ ಕಣ್ಣಿಗೆ ಬಿತ್ತು. ಮಂಡಿ ಊದಿತ್ತು. ಪ್ರತಿ ಹೆಜ್ಜೆಗೂ ತುಟಿ ಕಚ್ಚಿ, ಮತ್ತೆ ನಗುತ್ತ ಹಾಡುತ್ತಿದ್ದರು. ನನ್ನ ತಾಯಿಯ ವಯಸ್ಸಿನ ಹೆಂಗಸು ನೋಯುವ ಕಾಲಿನಲ್ಲಿ ಕುಣಿಯುತ್ತ ಬರುವುದು, ನಾನು ಕಾಲಮೇಲೆ ಕಾಲು ಹಾಕಿಕೊಂಡು ಕೂತು ನೋಡುವುದು! ನಮ್ಮಮ್ಮ ಇದ್ದಿದ್ದರೆ ಬೆನ್ನಿಗೊಂದು ಬಿಟ್ಟಿರುತ್ತಿದ್ದಳು. ಲೀಯಾ ಹೇಳಿದ್ದೆಲ್ಲ ಮರೆತೇಹೋಯಿತು. ಎದ್ದು ಹೋಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿಬಿಟ್ಟೆ.

ಹಾಡು ನಿಂತುಹೋಯಿತು. ಗಿಟಾರೂ ನಿಂತಿತು. ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ತಲೆಯೆತ್ತಿ ನೋಡಿದರೆ ಅಜ್ಜಿಯ ಕೈಯಲ್ಲಿ ಕಿರೀಟ ಹಾಗೇ ಇದೆ, ಲೀಯಾಳ ಮುಖ ಬಿಳಚಿಕೊಂಡಿದೆ. ಆಯುಸ್ಸು ಹರಸುವ ಹಾಡನ್ನು ನಡುವೆ ತುಂಡರಿಸಿದ್ದೆ. ಮಗನ ಮದುವೆಯನ್ನು ನನ್ನ ಕೈಯಾರೆ ಕೆಡಿಸಿಬಿಟ್ಟಿದ್ದೆ! ಅಜ್ಜಿ ಏನೋ ಕೇಳಿದರು. "ಯಾಕೆ ಎದ್ದಿರಿ ಅಂತ ಕೇಳ್ತಿದಾರೆ" ಎಂದಳು ಲೀಯಾ, ಪಿಸುದನಿಯಲ್ಲಿ.

ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಬಂತು. "ದೊಡ್ಡವರು ಕಾಲು ನೋಯಿಸ್ಕೊಂಡು ನಿಂತಿರೋವಾಗ ನಾನು ಹೇಗಮ್ಮ ಕೂತಿರಲಿ?" ಮನೆಯಲ್ಲಿ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಅಭಿ ಮುಂದೆ ಬಂದು, ನನ್ನ ಮಾತನ್ನು ಒಂದಕ್ಷರ ಬಿಡದೆ ಲೀಯಾಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಅವಳು ಅಜ್ಜಿಗೆ ದಾಟಿಸಿದಳು. ಅಜ್ಜಿ, ಅರವತ್ತು ವರ್ಷದಿಂದ ಕಿರೀಟ ಹಿಡಿದಿದ್ದೇನೆ, ಇದುವರೆಗೆ ಒಬ್ಬರೂ ಎದ್ದಿಲ್ಲ ಎಂದರು.

"ಹಾಗಾದ್ರೆ ಇವರನ್ನ ಯಾರು ಕೂರಿಸಿದಾರೆ? ಇವರಿಗೆ ಯಾರು ಇಟ್ಟಿದಾರೆ ಕಿರೀಟ?" ಎಂದು ಲೀಯಾಳನ್ನು ಕೇಳಿದೆ.

ಲೀಯಾ ಆ ಪ್ರಶ್ನೆಯನ್ನು ದಾಟಿಸಲೇ ಇಲ್ಲ. ಯೋಚಿಸಿ, "ಯಾರೂ ಇಲ್ಲ ಆಂಟಿ. ಅವರೇ ಯಾವಾಗಲೂ ಮುಂದೆ ಇರ್ತಾರಲ್ಲ" ಎಂದಳು.

ಕೆಟ್ಟದ್ದು ಹೇಗೂ ಕೆಟ್ಟಿದೆ ಎಂದು ಧೈರ್ಯ ಬಂದುಬಿಟ್ಟಿತು. ಅಜ್ಜಿಯ ಹೆಗಲು ಹಿಡಿದು ಆ ಬೆತ್ತದ ಕುರ್ಚಿಯಲ್ಲಿ ಕೂರಿಸಿದೆ. ಅವರು ಕೊಸರಾಡಿದರು, ನಾನು ಬಿಡಲಿಲ್ಲ. ಕಿರೀಟ ತೆಗೆದುಕೊಂಡು ಅವರ ಬಿಳಿ ಕೂದಲ ಮೇಲಿಟ್ಟೆ. ನನ್ನ ಚೀಲದ ಕುಂಕುಮ ಹಣೆಗಿಟ್ಟೆ. ಅಕ್ಕಿಗೆ ಅರಿಶಿನ ಕಲಸಿ ತರುವಂತೆ ಯಜಮಾನರನ್ನು ಅಡುಗೆಮನೆಗೆ ಓಡಿಸಿದೆ, ಗೊಣಗದೆ ಓಡಿದರು! ಗೆಳತಿಯರಲ್ಲಿ ಒಬ್ಬರು ಕಿಸಕ್ಕೆಂದು ನಕ್ಕು ಹಾಡು ಎತ್ತಿಕೊಂಡರು. ಗಿಟಾರ್ ಸೇರಿತು. ಅವರು ಹೂವು, ನಾಣ್ಯ ಎರಚಿದರು, ನಾವು ಮೂವರು ಅಕ್ಷತೆ ಹಾಕಿದೆವು. ಎಲ್ಲರೂ ಮಬುಹಾಯ್ ಎಂದು ಮೂರು ಸಲ ಕೂಗಿದಾಗ ಅಜ್ಜಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನಾನೂ ಅತ್ತೆ.

ಆಮೇಲೆ ನೆನಪಾಯಿತು, ಬಂದ ಕೆಲಸವೇ ಆಗಿಲ್ಲ! ಯಜಮಾನರು ಚೀಟಿ ಬಿಡಿಸಿ, ಗಂಟಲು ಸರಿಮಾಡಿಕೊಂಡು ವಾಕ್ಯವನ್ನು ಓದಿದರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅಜ್ಜಿ ನಗಲಿಲ್ಲ. ಕಿರೀಟ ಸರಿಮಾಡಿಕೊಂಡು, ನನ್ನತ್ತ ಬೆರಳು ತೋರಿಸಿ ಏನೋ ಹೇಳಿದರು. ಲೀಯಾ ದಾಟಿಸಿದಳು. "ಇವರದ್ದು ಬಾಕಿ ಉಳೀತು. ಮದುವೆ ದಿನ ಇವರನ್ನ ಕುರ್ಚಿಗೆ ಕಟ್ಟಿಹಾಕಬೇಕು ಅಂತೆ..." ಎನ್ನುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕತೊಡಗಿದಳು.

"ಏನಂತೆ? ಏನಂತೆ ಕಣೇ?" ಯಜಮಾನರಿಗೆ ಗಾಬರಿ.

"ಮದುವೆ ದಿನ ಅಂದ್ರು ರೀ! ಮದುವೆ ದಿನ!"

ಅಜ್ಜಿ ಕಿರೀಟ ತೆಗೆಯದೆಯೇ ಮೂರು ಹೋಳಿಗೆ ತಿಂದರು.

ಬುಧವಾರ ಬೆಳಗ್ಗೆ ಎಂಟರ ದೋಣಿ. ಬೇಡವೆಂದರೂ ಅಜ್ಜಿ ಜೀಪ್ನಿ ಹತ್ತಿ ಬಂದರಿಗೆ ಬಂದರು. ಮಂಡಿಗೆ ನಾನು ಸುತ್ತಿಕೊಟ್ಟ ಪಟ್ಟಿ ಹಾಗೇ ಇತ್ತು. ಗಾಳಿ ಜೋರಾಗಿತ್ತು, ಕಟ್ಟೆಗೆ ಅಲೆ ಬಡಿಯುತ್ತಿತ್ತು. ನಾನು ಮೇಲಿನ ಅಟ್ಟದ ಕಂಬಿ ಹಿಡಿದು ಕೈಬೀಸುತ್ತ ನಿಂತಿದ್ದೆ. ದೋಣಿ ಒಮ್ಮೆ ಜೋಲಿ ಹೊಡೆದು ನಾನು ಮುಗ್ಗರಿಸಿದ್ದನ್ನು ಅಜ್ಜಿ ಕಂಡಿರಬೇಕು. ಅಂಗೈ ಕೆಳಗೆ ಮಾಡಿ ಒತ್ತಿ ಒತ್ತಿ ಸನ್ನೆ ಮಾಡಿದರು: ಕೂತ್ಕೋ, ಕೂತ್ಕೋ. ನಾನು ಬೇಡವೆಂದು ತಲೆಯಾಡಿಸಿದೆ. ಅವರು ಸೊಂಟಕ್ಕೆ ಕೈಯಿಟ್ಟು ಇನ್ನೊಮ್ಮೆ ಸನ್ನೆ ಮಾಡಿದರು.

ಕಂಬಿಯ ಪಕ್ಕದ ಬೆಂಚಿನ ಮೇಲೆ ಕೂತೆ. ಅಜ್ಜಿ ಬಿಸಿಲಿನಲ್ಲಿ ನಿಂತೇ ಇದ್ದರು. ಅವರು ಕಣ್ಮರೆಯಾಗುವವರೆಗೂ ನಾನು ಏಳಲಿಲ್ಲ.